ಪ್ರೊಟೀನ್ ಸರಿ, ಅದರ ಜೊತೆ ಬರೋ ಜಿಡ್ಡಿನ ಲೆಕ್ಕ ಯಾರದು?

ಈ ಸಲ ಬಂದ ಪತ್ರ, ಮೆಸೇಜುಗಳಲ್ಲಿ ಮುಕ್ಕಾಲು ಪಾಲು ಪ್ರೊಟೀನ್ ಬಗ್ಗೇನೇ, ಹಾಗಾಗಿ ಅಂಕಣ ಪೂರ್ತಿ ಅದಕ್ಕೇ ಬಿಟ್ಟಿದೀನಿ. ಪ್ರತಿ ಉತ್ತರದಲ್ಲೂ ಅದೇ ಲೆಕ್ಕ ಬರೆಯೋದು ಬೇಡ ಅಂತ ಇಲ್ಲೇ ಒಂದ್ಸಲ ಹೇಳಿಬಿಡ್ತೀನಿ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ, ಅಂದ್ರೆ ಎನ್‌ಐಎನ್, 2020ರಲ್ಲಿ ಕೊಟ್ಟ ಲೆಕ್ಕದ ಪ್ರಕಾರ ಆರೋಗ್ಯವಾಗಿರೋ ದೊಡ್ಡವರಿಗೆ ದಿನಕ್ಕೆ ಪ್ರತಿ ಕೆಜಿ ತೂಕಕ್ಕೆ 0.83 ಗ್ರಾಂ ಪ್ರೊಟೀನ್ ಸಾಕು, 60 ಕೆಜಿ ಇದ್ರೆ ಸುಮಾರು 50 ಗ್ರಾಂ. ವಯಸ್ಸಾದವರಿಗೆ, ಜಿಮ್ ಮಾಡೋರಿಗೆ ಇದಕ್ಕಿಂತ ಜಾಸ್ತಿ ಬೇಕು, ಅದನ್ನ ಆಯಾ ಉತ್ತರದಲ್ಲಿ ಹೇಳ್ತೀನಿ. ಇನ್ನು ಜಿಡ್ಡು. ತುಪ್ಪ, ಬೆಣ್ಣೆ, ಕೊಬ್ಬರಿ ಎಣ್ಣೆ ತರ ಚಳಿಗೆ ಗಟ್ಟಿಯಾಗೋ ಸ್ಯಾಚುರೇಟೆಡ್ ಕೊಬ್ಬು ಒಟ್ಟು ಕ್ಯಾಲೊರಿಯಲ್ಲಿ ಶೇಕಡ 10 ದಾಟಬಾರದು ಅನ್ನುತ್ತೆ ವಿಶ್ವ ಆರೋಗ್ಯ ಸಂಸ್ಥೆ, 2000 ಕ್ಯಾಲೊರಿ ತಿನ್ನೋರಿಗೆ ಅದು ಹತ್ರತ್ರ 22 ಗ್ರಾಂ. ಈ 22 ಅನ್ನೋ ನಂಬರ್ ನೆನಪಲ್ಲಿಟ್ಕೊಳ್ಳಿ, ಕೆಳಗೆ ಬರುತ್ತೆ.

ಪ್ರಶ್ನೆ: ಮೇಡಂ, ನನಗೆ 29 ವರ್ಷ, 72 ಕೆಜಿ, ಪಕ್ಕಾ ವೆಜ್, ಮೊಟ್ಟೆನೂ ತಿನ್ನಲ್ಲ. ಜಿಮ್ ಟ್ರೇನರ್ ದಿನಕ್ಕೆ 150 ಗ್ರಾಂ ಪ್ರೊಟೀನ್ ಬೇಕೇ ಬೇಕು ಅಂದಿದಾರೆ. ಅದಕ್ಕೇ ದಿನಾ 200 ಗ್ರಾಂ ಪನೀರ್, ಪೀನಟ್ ಬಟರ್ ನಾಲ್ಕು ಸ್ಪೂನ್, ಒಂದ್ ಹಿಡಿ ಬಾದಾಮಿ, ಫುಲ್ ಕ್ರೀಮ್ ಹಾಲು. ಮೊನ್ನೆ ಆಫೀಸಲ್ಲಿ ಹೆಲ್ತ್ ಚೆಕಪ್ ಆಯ್ತು, ಎಲ್‌ಡಿಎಲ್ (ಕೆಟ್ಟ ಕೊಲೆಸ್ಟ್ರಾಲ್) 162 ಬಂದಿದೆ, ಮುಂಚೆ ನೂರರ ಹತ್ರ ಇತ್ತು. ಆಯ್ಲಿ ಫುಡ್ ಮುಟ್ಟೋದೇ ಇಲ್ಲ ನಾನು, ಹಾಗಾದ್ರೆ ಇದು ಎಲ್ಲಿಂದ ಬಂತು? – ಐಟಿ ಉದ್ಯೋಗಿ, ಬೆಂಗಳೂರು

ಉತ್ತರ: ಎಣ್ಣೆ ಬಾಟಲಿಯಿಂದ ಬಂದಿಲ್ಲ ಅಂದ್ರೆ ಜಿಡ್ಡೇ ಇಲ್ಲ ಅಂತಲ್ಲ. ನೀವು ಬರೆದಿರೋ ಪಟ್ಟಿ ನೋಡಿದ್ರೆ ಪ್ರೊಟೀನ್ ಅಂತ ಅಂದ್ಕೊಂಡು ತಿಂತಿರೋದ್ರಲ್ಲಿ ಬಹುಪಾಲು ಕೊಬ್ಬೇ ಇದೆ, ಪ್ರೊಟೀನ್ ಅದರ ಹಿಂದೆ ಬರ್ತಿದೆ ಅಷ್ಟೇ.

ಪನೀರ್‌ದೇ ತಗೊಳ್ಳಿ. ಫುಲ್ ಕ್ರೀಮ್ ಹಾಲಿನ ಪನೀರ್ 100 ಗ್ರಾಂ ಅಂದ್ರೆ 18–20 ಗ್ರಾಂ ಪ್ರೊಟೀನ್, ಅದರ ಜೊತೆ 20ಕ್ಕಿಂತ ಹೆಚ್ಚು ಗ್ರಾಂ ಕೊಬ್ಬು, ಹಾಲಿನ ಕೊಬ್ಬಲ್ಲಿ ಎಂಟಾಣೆಗಿಂತ ಜಾಸ್ತಿ, ಅಂದ್ರೆ ಅರ್ಧದ ಮೇಲೇ, ಸ್ಯಾಚುರೇಟೆಡ್. ದಿನಕ್ಕೆ 200 ಗ್ರಾಂ ತಿಂದ್ರೆ ಮೇಲೆ ಹೇಳಿದ 22 ಗ್ರಾಂ ಲಿಮಿಟ್ಟು ಪನೀರ್ ಒಂದರಲ್ಲೇ ಮುಗಿದು ಮೇಲೆ ಒಂದಿಷ್ಟು ಹೋಗುತ್ತೆ, ಆಮೇಲೆ ಫುಲ್ ಕ್ರೀಮ್ ಹಾಲು ಬೇರೆ, ಅದ್ರಲ್ಲಿ ಶೇಕಡ 6 ಜಿಡ್ಡು. ಸ್ಯಾಚುರೇಟೆಡ್ ಕೊಬ್ಬು ಜಾಸ್ತಿ ಆದಾಗ ಲಿವರ್ರು ರಕ್ತದಿಂದ ಎಲ್‌ಡಿಎಲ್ ಎಳ್ಕೊಳ್ಳೋ ಕೆಲಸ ನಿಧಾನ ಮಾಡುತ್ತೆ, ಅದು ರಕ್ತದಲ್ಲೇ ಸುತ್ತಾಡ್ಕೊಂಡಿರುತ್ತೆ. ರಿಪೋರ್ಟಲ್ಲಿ ಕಂಡಿದ್ದು ಇದೇ ಇರಬಹುದು. ಇರಬಹುದು ಅಂತ ಯಾಕೆ ಹೇಳ್ತಿದೀನಿ ಅಂದ್ರೆ ಥೈರಾಯ್ಡ್ ಕಡಿಮೆ ಇದ್ರೂ, ಮನೆತನದಲ್ಲಿ ಕೊಲೆಸ್ಟ್ರಾಲ್ ಇದ್ರೂ ಎಲ್‌ಡಿಎಲ್ ಏರುತ್ತೆ, ಆದ್ದರಿಂದ ಈ ರಿಪೋರ್ಟನ್ನ ಡಾಕ್ಟರಿಗೆ ತೋರಿಸಲೇಬೇಕು, ಟ್ರೇನರ್‌ಗಲ್ಲ.

ಬಾದಾಮಿ, ಪೀನಟ್ ಬಟರ್ ವಿಷ್ಯ ಬೇರೆ. ಅವುಗಳ ಕೊಬ್ಬು ಹೆಚ್ಚಾಗಿ ಅನ್‌ಸ್ಯಾಚುರೇಟೆಡ್, ಹೃದಯಕ್ಕೆ ಕೆಟ್ಟದ್ದಲ್ಲ, ಒಂದ್ ಹಿಡಿ ದಿನಾ ತಿನ್ನಿ. ಆದ್ರೆ ಅವನ್ನ ಪ್ರೊಟೀನ್ ಅನ್ನೋ ಲೆಕ್ಕಕ್ಕೆ ಹಾಕಬೇಡಿ. ಎರಡು ದೊಡ್ಡ ಸ್ಪೂನ್ ಪೀನಟ್ ಬಟರ್‌ನಲ್ಲಿ ಪ್ರೊಟೀನ್ 7–8 ಗ್ರಾಂ, ಕೊಬ್ಬು ಅದರ ಎರಡರಷ್ಟು. ಕೊಬ್ಬಿನ ಪ್ರತಿ ಗ್ರಾಂಗೆ 9 ಕ್ಯಾಲೊರಿ, ಪ್ರೊಟೀನ್‌ಗೆ 4, ಹಾಗಾಗಿ ನಾಲ್ಕು ಸ್ಪೂನ್ ಅಂದ್ರೆ ಒಂದು ಸಣ್ಣ ಊಟದಷ್ಟು ಕ್ಯಾಲೊರಿ, ಸಿಕ್ಕಿದ್ದು 15 ಗ್ರಾಂ ಪ್ರೊಟೀನ್. ಡಬ್ಬದ ಮೇಲೆ ದೊಡ್ಡದಾಗಿ 'ಹೈ ಪ್ರೊಟೀನ್' ಅಂತ ಬರೆದಿರ್ತಾರೆ, ಹಿಂದುಗಡೆ ಪಟ್ಟಿ ತಿರುಗಿಸಿ ನೋಡೋರು ಕಡಿಮೆ.

ಇನ್ನು ಆ 150. ನಿಮ್ಮ ತೂಕಕ್ಕೆ ಅದು ಕೆಜಿಗೆ 2 ಗ್ರಾಂ ದಾಟಿತು. ವೇಟ್ ಎತ್ತೋರ ಮೇಲೆ ಆಗಿರೋ ಹಲವು ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ ನೋಡಿದ 2018ರ ಒಂದು ವಿಶ್ಲೇಷಣೆಯಲ್ಲಿ ಕೆಜಿಗೆ ಸುಮಾರು 1.6 ಗ್ರಾಂ ಆದ್ಮೇಲೆ ಇನ್ನೂ ತಿಂದ್ರೂ ಮಸಲ್ ಹೇಳಿಕೊಳ್ಳೋ ಹಾಗೆ ಬೆಳೆಯಲ್ಲ ಅಂತ ಬಂತು. ನಿಮಗೆ ಅದು 115. ಅದೂ ಗರಿಷ್ಠ, ನೂರಿದ್ರೆ ಧಾರಾಳ ಆಯ್ತು. ಕಾಂಪಿಟಿಷನ್‌ಗೆ ಹೋಗ್ತಿದೀರಾ ಅಂತ ನೀವು ಬರೆದಿಲ್ಲ.

ನೂರು ಗ್ರಾಂ ನಮ್ಮ ಅಡುಗೆಮನೆಯಲ್ಲೇ ಹೀಗೆ ಬರುತ್ತೆ. ಬೆಳಗ್ಗೆ ಹೆಸರುಬೇಳೆ ನೆನೆಸಿ ರುಬ್ಬಿ ಮೂರು ದೋಸೆ, ಒಣಬೇಳೆ 60 ಗ್ರಾಂ ಹಾಕಿದ್ರೆ 14 ಗ್ರಾಂ. ಮಧ್ಯಾಹ್ನ ಮೂರು ಚಪಾತಿ ಹತ್ತು, ಗಟ್ಟಿ ತೊವ್ವೆ ಒಂದು ದೊಡ್ಡ ಬಟ್ಟಲು ಹನ್ನೊಂದು. ತೊವ್ವೆ ಅಂದೆ, ತಿಳಿಸಾರು ಅಲ್ಲ. ಸಂಜೆ ಕಡಲೆಕಾಳು ಉಸ್ಲಿ 8. ರಾತ್ರಿ ಸೋಯಾ ಚಂಕ್ಸ್ 40 ಗ್ರಾಂ, ಎಣ್ಣೆ ತೆಗೆದ ಸೋಯಾ ಹಿಟ್ಟಿನಿಂದ ಮಾಡೋದ್ರಿಂದ ಅದ್ರಲ್ಲಿ ಅರ್ಧಕ್ಕರ್ಧ ಪ್ರೊಟೀನೇ, ಜಿಡ್ಡು ಇಲ್ಲ ಅನ್ನೋಷ್ಟು ಕಡಿಮೆ, ಅಲ್ಲಿಗೆ 20 ಗ್ರಾಂ ಬಂತು, ಜೊತೆಗೆ ಅನ್ನದ್ದು ಆರು. ದಿನದಲ್ಲಿ ಎರಡು ಲೋಟದಷ್ಟು ಹಾಲು ಮೊಸರು ಸೇರಿ 13, ಆದ್ರೆ ಅದು ಡಬಲ್ ಟೋನ್ಡ್ ಹಾಲಿರಲಿ, ಅದ್ರಲ್ಲಿ ಜಿಡ್ಡು ಶೇಕಡ ಒಂದೂವರೆ ಮಾತ್ರ, ಪ್ರೊಟೀನ್ ಏನೂ ಕಡಿಮೆ ಆಗಲ್ಲ. ಇಷ್ಟಕ್ಕೇ 80 ದಾಟಿತು. ಮಿಕ್ಕಿದ್ದಕ್ಕೆ ವೇ ಪೌಡರ್ ಒಂದು ಸ್ಕೂಪ್ ಹಾಕೊಂಡ್ರೆ ತಪ್ಪೇನಿಲ್ಲ, ಅದು ಹಾಲಿನ ತಿಳಿಯಿಂದ್ಲೇ ತೆಗೆಯೋದು, 20–25 ಗ್ರಾಂ ಸಿಗುತ್ತೆ, ಜಿಡ್ಡು ಇರೋದು ಚೂರು. ಬೇಡ ಅಂದ್ರೆ ಬಿಡಿ. ಪನೀರ್ ಬಿಡಕ್ಕಾಗಲ್ಲ ಅನ್ನೋದಾದ್ರೆ ಡಬಲ್ ಟೋನ್ಡ್ ಹಾಲನ್ನ ಮನೇಲೇ ನಿಂಬೆಹಣ್ಣು ಹಿಂಡಿ ಒಡೆಸಿ, ಮಾರ್ಕೆಟ್ ಪನೀರಿನ ಹಾಗೆ ಮೆತ್ತಗಿರಲ್ಲ, ಸ್ವಲ್ಪ ರಬ್ಬರ್ ರಬ್ಬರ್ ಅನ್ಸುತ್ತೆ, ಭುರ್ಜಿಗೆ ನಡೆಯುತ್ತೆ.

ಕಾಳುಬೇಳೆಯಲ್ಲಿ ಇನ್ನೊಂದು ಲಾಭ ಇದೆ, ಅದರ ನಾರು ಕರುಳಲ್ಲಿ ಪಿತ್ತರಸ ಹಿಡ್ಕೊಂಡು ಹೊರಗೆ ಹಾಕುತ್ತೆ, ಹೊಸ ಪಿತ್ತರಸ ಮಾಡೋಕೆ ಲಿವರ್ರು ರಕ್ತದ ಕೊಲೆಸ್ಟ್ರಾಲನ್ನೇ ಬಳಸಬೇಕಾಗುತ್ತೆ. ಪನೀರ್ ಈ ಕೆಲಸ ಮಾಡಲ್ಲ. ಎರಡು ಮೂರು ತಿಂಗಳು ಹೀಗೆ ತಿಂದು ಮತ್ತೆ ಲಿಪಿಡ್ ಪ್ರೊಫೈಲ್ ಮಾಡ್ಸಿ.

ಪ್ರಶ್ನೆ: ಸೋಯಾ ತಿಂದ್ರೆ ಗಂಡಸರಿಗೆ ಹಾರ್ಮೋನ್ ಏರುಪೇರಾಗುತ್ತೆ ಅಂತಾರಲ್ಲ? – ತುಮಕೂರು

ಉತ್ತರ: ದಿನಕ್ಕೆ ಒಂದು ಬಟ್ಟಲು ತಿಂದ್ರೆ ಏನೂ ಆಗಲ್ಲ. ಸೋಯಾದಿಂದ ಟೆಸ್ಟೊಸ್ಟೆರಾನ್ ಇಳಿಯಲ್ಲ ಅಂತ ಅಧ್ಯಯನಗಳನ್ನ ಒಟ್ಟು ಮಾಡಿ ನೋಡಿದಾಗ ಗೊತ್ತಾಗಿದೆ. ಥೈರಾಯ್ಡ್ ಮಾತ್ರೆ ತಗೊಳ್ಳೋರು ಮಾತ್ರ ಮಾತ್ರೆಗೂ ಸೋಯಾಗೂ ನಾಲ್ಕು ಗಂಟೆ ಅಂತರ ಇಟ್ಕೊಳ್ಳಿ, ಇಲ್ಲಾಂದ್ರೆ ಮಾತ್ರೆ ಸರಿಯಾಗಿ ಮೈಗೆ ಹತ್ತಲ್ಲ.

ಪ್ರಶ್ನೆ: ಅಕ್ಕಾರ ನಮಸ್ಕಾರ್ರೀ. ನಮ್ಮ ಮನ್ಯಾಗ ನಾವು ನಾಕ ಮಂದಿ. ದಿನಾ ಜ್ವಾಳದ ರೊಟ್ಟಿ, ಒಂದ ಕಾಳ ಪಲ್ಯಾ, ಒಂದ ಕಾಯಿಪಲ್ಯಾ, ಶೇಂಗಾ ಹಿಂಡಿ, ಮಸರ ಇಷ್ಟ ನಮ್ಮ ಊಟ. ಮಗಾ ಕಾಲೇಜಿಗೆ ಹೊಂಟಾನ, ಮೊಬೈಲ್‌ದಾಗ ಏನೇನೋ ನೋಡಿ "ಯವ್ವಾ, ನಿನ್ನ ಅಡಗಿಯೊಳಗ ಪ್ರೊಟೀನ್ ಇಲ್ಲ, ಡಬ್ಬಿ ಪೌಡರ್ ತರಿಸು" ಅಂತ ಗಂಟ ಬಿದ್ದಾನ. ಆ ಡಬ್ಬಿ ರೊಕ್ಕದಾಗ ನಮ್ಮ ತಿಂಗಳ ಸಂತಿ ಆಗ್ತದ್ರೀ. ತರಬೇಕೋ ಬ್ಯಾಡೋ ಹೇಳ್ರಿ. – ಗೃಹಿಣಿ, ವಿಜಯಪುರ ಜಿಲ್ಲೆ

ಉತ್ತರ: ಬೇಡ ತಾಯಿ, ಸಂತೆನೇ ಮಾಡ್ರಿ. ನಿಮ್ಮ ತಾಟಿನ ಲೆಕ್ಕ ನಿಮ್ಮ ಮಗನಿಗೆ ಓದಿ ಹೇಳ್ರಿ. ಜೋಳದ ಹಿಟ್ಟು 100 ಗ್ರಾಂಗೆ 10 ಗ್ರಾಂ ಪ್ರೊಟೀನ್, ಮೂರು ರೊಟ್ಟಿ ತಿಂದ್ರೆ 15ರ ಹತ್ರ ಬಂತು. ಮಡಿಕಿಕಾಳೋ ಹೆಸರುಕಾಳೋ ಒಂದು ಬಟ್ಟಲು ಪಲ್ಯದಲ್ಲಿ ಎಂಟೊಂಬತ್ತು. ಮೊಸರು ನಾಲ್ಕೈದು, ಹಿಂಡಿ ಎರಡು ಚಮಚಕ್ಕೆ ನಾಲ್ಕು. ಒಂದೇ ಊಟಕ್ಕೆ 30 ಗ್ರಾಂ ಆಸುಪಾಸು! ಇದಕ್ಕಿಂತ ಏನ್ ಬೇಕು ಕಾಲೇಜ್ ಹುಡುಗನಿಗೆ.

ಇನ್ನೂ ಒಂದು ಮಾತು. ಜೋಳ, ಅಕ್ಕಿ, ಗೋಧಿ ಈ ಧಾನ್ಯಗಳ ಪ್ರೊಟೀನಲ್ಲಿ ಲೈಸಿನ್ ಅನ್ನೋ ಒಂದಂಶ ಕಡಿಮೆ, ಕಾಳಲ್ಲಿ ಅದು ಜಾಸ್ತಿ. ಕಾಳಲ್ಲಿ ಕಡಿಮೆ ಇರೋ ಮೆಥಿಯೊನಿನ್ ಧಾನ್ಯದಲ್ಲಿದೆ. ರೊಟ್ಟಿ ಜೊತೆ ಕಾಳುಪಲ್ಯ ಇಟ್ರೆ ಒಂದರ ಕೊರತೆ ಇನ್ನೊಂದು ತುಂಬುತ್ತೆ. ಧಾನ್ಯ ಮೂರು ಪಾಲಿದ್ರೆ ಬೇಳೆಕಾಳು ಒಂದು ಪಾಲಾದ್ರೂ ಇರಲಿ ಅಂತ ಎನ್‌ಐಎನ್ ಹೇಳೋದೂ ಅದಕ್ಕೇ, ಸೈನ್ಸ್ ಗೊತ್ತಿಲ್ಲದೆಯೂ ನಿಮ್ಮ ಅತ್ತೆ, ಅವರತ್ತೆ ಮಾಡ್ಕೊಂಡು ಬಂದಿದ್ದು ಅದನ್ನೇ. ಕಾಳು ಇಲ್ಲದ ದಿನ ಝುಣಕ ಮಾಡ್ರಿ, ಕಡಲೆಹಿಟ್ಟೂ ಬೇಳೆನೇ ಅಲ್ವಾ.

ಆದ್ರೆ ನಿಮ್ಮ ಕಡೆ ನನ್ನದೊಂದು ತಕರಾರಿದೆ, ಬೇಜಾರು ಮಾಡ್ಕೋಬೇಡ್ರಿ. ಎಣ್ಣೆಗಾಯಿ ಪಲ್ಯದ ಮೇಲೆ ಎಣ್ಣೆ ತೇಲಬೇಕು, ತೇಲದಿದ್ರೆ ಬೀಗರ ಮುಂದೆ ಮರ್ಯಾದೆ ಹೋಯ್ತು ಅನ್ನೋ ಒಂದು ಲೆಕ್ಕ ಇದೆಯಲ್ಲ, ಅದನ್ನ ಹಬ್ಬಕ್ಕೆ ಇಟ್ಕೊಳ್ರಿ. ಎನ್‌ಐಎನ್ 2024ರಲ್ಲಿ ಕೊಟ್ಟ ಊಟದ ತಟ್ಟೆಯಲ್ಲಿ 2000 ಕ್ಯಾಲೊರಿ ತಿನ್ನೋರಿಗೆ ಎಣ್ಣೆ ತುಪ್ಪ ಎಲ್ಲ ಸೇರಿ ದಿನಕ್ಕೆ 27 ಗ್ರಾಂ ಅಷ್ಟೇ ಇರೋದು. ನಾಲ್ಕು ಜನಕ್ಕೆ ತಿಂಗಳಿಗೆ ಲೆಕ್ಕ ಹಾಕಿದ್ರೆ ಮೂರೂವರೆ ಲೀಟರ್. ಪ್ರತಿ ಸಲ ಸ್ಪೂನ್ ಹಿಡಿದು ಅಳೀತಾ ಕೂರೋಕಾಗಲ್ಲ, ತಿಂಗಳ ಮೊದಲ ದಿನ ಮೂರೂವರೆ ಲೀಟರ್ ಡಬ್ಬಿಗೆ ಹಾಕಿಡ್ರಿ, ಅದ್ರಲ್ಲೇ ತಿಂಗಳು ಮುಗೀಬೇಕು. ತುಪ್ಪ ಬಳಸಿದ್ರೆ ಅಷ್ಟು ಎಣ್ಣೆ ಕಮ್ಮಿ ಮಾಡ್ರಿ. ಕುಸುಬಿ ಎಣ್ಣೆ ನಿಮ್ಮ ಕಡೆ ಸಿಕ್ಕಿದ್ರೆ ಬಿಡಬೇಡ್ರಿ, ಸ್ಯಾಚುರೇಟೆಡ್ ಅದ್ರಲ್ಲಿ ಕಡಿಮೆ, ಒಂದ್ ತಿಂಗಳು ಅದು ಒಂದ್ ತಿಂಗಳು ಶೇಂಗಾ ಎಣ್ಣೆ ಹೀಗೆ ಬದಲಾಯಿಸ್ತಾ ಹೋಗ್ರಿ. ಶೇಂಗಾ ಹಿಂಡಿ ಪಕ್ಕ ಅಗಸಿ ಹಿಂಡಿನೂ ಇರಲಿ, ಸಸ್ಯಾಹಾರಿಗಳಿಗೆ ಒಮೆಗಾ-3 ಸಿಗೋದು ಬಹಳ ಕಡೆಯಲ್ಲ, ಅಗಸೆ ಅದ್ರಲ್ಲಿ ಮೊದಲನೇದು.

ಪ್ರಶ್ನೆ: ಭಾನುವಾರ ಬಿರಿಯಾನಿ ಕಬಾಬ್ ತಿಂದ್ರೆ ವಾರಕ್ಕಾಗೋಷ್ಟು ಪ್ರೊಟೀನ್ ಸಿಗುತ್ತೆ ತಾನೇ? – ಕೋಲಾರ

ಉತ್ತರ: ವಾರದ ಪ್ರೊಟೀನ್ ಒಂದೇ ದಿನ ತಿಂದು ಸ್ಟಾಕ್ ಮಾಡೋಕೆ ಮೈಯಲ್ಲಿ ಗೋಡೌನ್ ಇಲ್ಲಪ್ಪ. ಜಿಡ್ಡಿಗೆ ಮಾತ್ರ ಇದೆ, ಎಷ್ಟು ಬೇಕಾದ್ರೂ ಇಟ್ಕೊಳ್ಳುತ್ತೆ.

ಕೋಳಿಯಲ್ಲಿ ದೋಷ ಇಲ್ಲ. ಚರ್ಮ ತೆಗೆದ ಎದೆ ಭಾಗದ ಹಸಿ ಮಾಂಸ 100 ಗ್ರಾಂಗೆ 22 ಗ್ರಾಂ ಪ್ರೊಟೀನ್, ಜಿಡ್ಡು ಎರಡು ಮೂರು ಗ್ರಾಂ ಅಷ್ಟೇ. ಅದೇ ಕೋಳಿನ ಕಾರ್ನ್‌ಫ್ಲೋರ್ ಮೈದಾದಲ್ಲಿ ಹೊರಳಿಸಿ ಕಡಾಯಿಗೆ ಬಿಟ್ರೆ ಆ ಹಿಟ್ಟು ಎಣ್ಣೆ ಹೀರ್ಕೊಂಡು ಬರುತ್ತೆ, ಅದೂ ಬೀದಿ ಬದಿ ಕಡಾಯಿ ಆದ್ರೆ ಬೆಳಗ್ಗಿಂದ ಕಾದಿರೋ ಎಣ್ಣೆ. ಎಣ್ಣೆ ಪದೇ ಪದೇ ಕಾದು ಕೆಟ್ಟಿದ್ಯಾ ಅಂತ ನೋಡೋಕೆ ಪೋಲಾರ್ ಕಾಂಪೌಂಡ್ಸ್ ಅಂತ ಒಂದು ಅಳತೆ ಇದೆ, ಅದು ಶೇಕಡ 25 ದಾಟಿದ್ರೆ ಆ ಎಣ್ಣೆ ಎಸೀಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರದ ನಿಯಮ. ಗಾಡಿ ಮುಂದೆ ನಿಂತು ಅಳೆಯೋಕಾಗಲ್ಲ, ಎಣ್ಣೆ ಕಪ್ಪಗೆ ಮಂದವಾಗಿ ನೊರೆ ಬರ್ತಿದ್ರೆ ಮುಂದಕ್ಕೆ ನಡೀರಿ. ಮನೇಲಿ ನಾಟಿಕೋಳಿ ಸಾರು ಮಾಡಿ, ತವಾ ಮೇಲೆ ಎರಡು ಸ್ಪೂನ್ ಎಣ್ಣೇಲಿ ಪೆಪ್ಪರ್ ಚಿಕನ್ ಮಾಡಿ, ಯಾರು ಬೇಡ ಅಂದ್ರು. ಮಟನ್ ತರೋವಾಗ ತೊಡೆ ಭಾಗ ಕೇಳಿ, ಕಣ್ಣಿಗೆ ಕಾಣೋ ಬಿಳಿ ಕೊಬ್ಬು ಅಂಗಡೀಲೇ ತೆಗೆಸಿ. ಸಾರು ಹಿಂದಿನ ರಾತ್ರಿ ಮಾಡಿ ಫ್ರಿಜ್ಜಲ್ಲಿಟ್ರೆ ಬೆಳಗ್ಗೆ ಜಿಡ್ಡು ಮೇಲೆ ಹೆಪ್ಪುಗಟ್ಟಿರುತ್ತೆ, ಅದನ್ನ ಸೌಟಲ್ಲಿ ತೆಗೆದು ಹಾಕಿ ಕಾಯಿಸಿ, ರುಚಿ ಒಂದಿನ ಹಳೇದಾದ್ರೇ ಇನ್ನೂ ಚೆನ್ನಾಗಿರುತ್ತೆ.

ಪ್ರಶ್ನೆ: ಮೊಟ್ಟೆ ಹಳದಿ ಎಸೀತೀನಿ, ಬಿಳಿ ಮಾತ್ರ ತಿಂತೀನಿ. ಸರಿನಾ? – ಹಾಸನ

ಉತ್ತರ: ಆರೋಗ್ಯವಾಗಿದ್ರೆ ಎಸೀಬೇಡಿ. ಒಂದು ಮೊಟ್ಟೇಲಿ 6 ಗ್ರಾಂ ಪ್ರೊಟೀನ್ ಇದ್ರೆ ಹತ್ರತ್ರ ಅರ್ಧ ಹಳದಿಯಲ್ಲೇ ಇದೆ, ಬಿ12, ವಿಟಮಿನ್ ಡಿ, ಕೋಲಿನ್ ಎಲ್ಲ ಅಲ್ಲೇ. ಜಿಡ್ಡು 5 ಗ್ರಾಂ, ಅದ್ರಲ್ಲಿ ಸ್ಯಾಚುರೇಟೆಡ್ ಒಂದೂವರೆ. ದಿನಕ್ಕೊಂದು ಪೂರ್ತಿ ತಿನ್ನಿ, ಇನ್ನೂ ಬೇಕಂದ್ರೆ ಬಿಳಿ ಸೇರಿಸ್ಕೊಳ್ಳಿ. ಶುಗರ್ ಇರೋರು, ಎಲ್‌ಡಿಎಲ್ ಜಾಸ್ತಿ ಇರೋರು ಹಳದಿ ಎಷ್ಟು ಅಂತ ಡಾಕ್ಟರ್ ಹತ್ರ ಕೇಳಿ. ಹಳದಿ ಎಸೆದು ಆಮೇಲೆ ಬಿಳೀನ ಬೆಣ್ಣೇಲಿ ಹುರಿಯೋರೂ ಇದಾರೆ, ಅವರಿಗೆ ಏನ್ ಹೇಳೋದು.

ಪ್ರಶ್ನೆ: ಮೇಡಂ, ನಮ್ಮ ತಾಯಿಗೆ 68 ವರ್ಷ, 52 ಕೆಜಿ. ಎರಡು ಹೊತ್ತು ಮುದ್ದೆ, ಉಪ್ಸಾರು, ಒಂಚೂರು ಅನ್ನ ಮಜ್ಜಿಗೆ. ಹಲ್ಲು ಸರಿಯಿಲ್ಲ. ಈಚೆಗೆ ಕೂತ್ರೆ ಏಳೋಕೆ ಕಷ್ಟ, ಕೈಕಾಲು ಸೋತೋಗಿದೆ ಅಂತಾರೆ. ಡಾಕ್ಟ್ರು ಪ್ರೊಟೀನ್ ಕೊಡಿ ಅಂದ್ರು, ಆದ್ರೆ ಹತ್ತು ವರ್ಷದಿಂದ ಶುಗರ್ರು, ಬಿಪಿ ಇದೆ, ಜಿಡ್ಡು ಮುಟ್ಟಂಗಿಲ್ಲ. ಕಾಳು ಸಾರು ದಿನಾ ತಿಂತಾರಲ್ಲ, ಸಾಕಾಗಲ್ವಾ? – ಮದ್ದೂರು

ಉತ್ತರ: ಉಪ್ಸಾರಲ್ಲೇ ಇದೆ ನೋಡಿ ಗುಟ್ಟು. ಕಾಳು ಸೊಪ್ಪು ಬೇಯಿಸಿ ಕಟ್ಟು ಬಸೀತೀರಿ, ಆ ಕಟ್ಟಿಗೆ ಖಾರ ಕದಡ್ಕೊಂಡು ಮುದ್ದೆ ಜೊತೆ ತಿಂತೀರಿ, ಬೆಂದ ಕಾಳು ಸೊಪ್ಪು ಒಗ್ಗರಣೆ ಹಾಕಿ ಪಲ್ಯ ಆಗುತ್ತೆ. ಹಲ್ಲಿಲ್ಲದ ತಾಯಿ ಆ ಪಲ್ಯನ ಪಕ್ಕಕ್ಕೆ ಸರಿಸಿ, ಮುದ್ದೆನ ಕಟ್ಟಲ್ಲಿ ಅದ್ದಿ ನುಂಗಿ ಎದ್ದು ಹೋಗ್ತಾರೆ. ಬಸ್ಸಾರಿನ ಕಥೆನೂ ಇದೇ. ಕಟ್ಟಲ್ಲಿ ರುಚಿ ಇದೆ, ಒಂದಿಷ್ಟು ಲವಣ ಇದೆ, ಪ್ರೊಟೀನ್ ಬಹುಪಾಲು ಕಾಳಲ್ಲೇ ಉಳಿದಿರುತ್ತೆ. ಅಂದ್ರೆ ಅವರು ದಿನಾ ಕಾಳು ಸಾರು ತಿಂತಿದಾರೆ, ಕಾಳು ತಿಂತಿಲ್ಲ. ರಾಗಿ ಹಿಟ್ಟು 100 ಗ್ರಾಂಗೆ 7 ಗ್ರಾಂ ಪ್ರೊಟೀನ್, ಸುಣ್ಣದ ಅಂಶದಲ್ಲಿ ರಾಗಿನ ಮೀರಿಸೋ ಧಾನ್ಯ ಇಲ್ಲ ನಿಜ, ಆದ್ರೆ ಪ್ರೊಟೀನ್‌ಗೆ ಮುದ್ದೆ ಒಂದನ್ನೇ ನಂಬೋಕಾಗಲ್ಲ.

65 ದಾಟಿದವರಿಗೆ ಕೆಜಿಗೆ 1ರಿಂದ 1.2 ಗ್ರಾಂ ಬೇಕು ಅಂತ ವೃದ್ಧಾಪ್ಯ ತಜ್ಞರು ಹೇಳ್ತಾರೆ, ವಯಸ್ಸಾದಂತೆ ಸ್ನಾಯು ಕರಗುತ್ತೆ, ತಿಂದ ಪ್ರೊಟೀನ್ ಮೈಗೆ ಹತ್ತೋದೂ ಕಡಿಮೆ. ನಿಮ್ಮ ತಾಯಿಗೆ 52ರಿಂದ 62 ಗ್ರಾಂ. ನೀವು ಬರೆದ ಊಟದಲ್ಲಿ ಅರ್ಧ ಬರ್ತಿದ್ರೆ ಹೆಚ್ಚು.

ಆದ್ರೆ ನಿಲ್ಲಿ, ಹತ್ತು ವರ್ಷದ ಶುಗರ್ ಅಂದಿದೀರಿ. ಪ್ರೊಟೀನ್ ಏರಿಸೋಕೆ ಮುಂಚೆ ರಕ್ತದಲ್ಲಿ ಕ್ರಿಯಾಟಿನಿನ್, ಮೂತ್ರದಲ್ಲಿ ಅಲ್ಬುಮಿನ್ ಎರಡೂ ಟೆಸ್ಟ್ ಮಾಡಿಸಿ, ಶುಗರ್ ಬಿಪಿ ಸದ್ದಿಲ್ಲದೆ ಕಿಡ್ನಿಗೆ ಏಟು ಕೊಟ್ಟಿದ್ರೆ ನಾನು ಕೆಳಗೆ ಬರೆದಿರೋದು ನಿಮಗೆ ಅನ್ವಯ ಆಗಲ್ಲ, ಅಳತೆ ಡಾಕ್ಟರೇ ಹೇಳಬೇಕು.

ಕಿಡ್ನಿ ಸರಿಯಿದೆ ಅಂದ್ರೆ ಹೀಗೆ ಮಾಡಿ. ಬಸಿದ ಕಾಳಲ್ಲಿ ಒಂದು ದೊಡ್ಡ ಹಿಡಿ ತೆಗೆದು ನುಣ್ಣಗೆ ರುಬ್ಬಿ ಅದೇ ಕಟ್ಟಿಗೆ ಬೆರೆಸಿಬಿಡಿ, ಸಾರು ಗಟ್ಟಿ ಆಗುತ್ತೆ, ಅಗಿಯೋ ಗೋಜಿಲ್ಲ, ಅವರಿಗೆ ರುಚಿ ಬದಲಾಗಿದ್ದೂ ಗೊತ್ತಾಗಲ್ಲ. ಹುರುಳಿಕಾಳಾದ್ರೆ ಇನ್ನೂ ಒಳ್ಳೇದು, 22 ಗ್ರಾಂ ಪ್ರೊಟೀನ್‌ಗೆ ಜಿಡ್ಡು ಒಂದು ಗ್ರಾಂ ಕೂಡ ಇಲ್ಲ, ನೀವು ಕೇಳಿದ್ದು ಅದನ್ನೇ ಅಲ್ವಾ. ಅವರೆಕಾಯಿ ಕಾಲದಲ್ಲಿ ಹಿತುಕಿದ ಬೇಳೆ ಸಾರು ಮಾಡಿ, ಸಿಪ್ಪೆ ಇಲ್ಲದ್ದು ನುಣ್ಣಗೆ ಬೇಯುತ್ತೆ, ಆದ್ರೆ ಹಿತುಕಿದ ಬೇಳೆ ಅಂದ ಕೂಡ್ಲೆ ಒಂದು ಹೋಳು ಕಾಯಿ ರುಬ್ಬಿ ಹಾಕೋ ಅಭ್ಯಾಸ ಇದೆಯಲ್ಲ, ಅದನ್ನ ಕಾಲು ಭಾಗಕ್ಕೆ ಇಳಿಸಿ. ಬೆಳಗ್ಗೆ ಒಂದು ಮೊಟ್ಟೆ ಮೆತ್ತಗೆ ಬೇಯಿಸಿ ಕೊಡಿ, ತಿನ್ನಲ್ಲ ಅಂದ್ರೆ ಉದ್ದು ಜಾಸ್ತಿ ಹಾಕಿದ ಇಡ್ಲಿ. ಮಜ್ಜಿಗೆ ಬದಲು ಗಟ್ಟಿ ಮೊಸರು ಕೊಡಿ, ಮಜ್ಜಿಗೆ ಅಂತ ನಾವು ಕುಡಿಯೋದ್ರಲ್ಲಿ ಮುಕ್ಕಾಲು ನೀರೇ. ರಾತ್ರಿ ಮಲಗೋ ಮುಂಚೆ ಟೋನ್ಡ್ ಹಾಲು ಒಂದು ಲೋಟ, ಸಕ್ಕರೆ ಬೇಡ.

ಒಂದೇ ಊಟಕ್ಕೆ ಎಲ್ಲ ತುರುಕಬೇಡಿ, ಮೂರು ಹೊತ್ತಿಗೂ ಹಂಚಿ. ಜೊತೆಗೆ ಕುರ್ಚಿಯಿಂದ ಕೈ ಊರದೆ ಎದ್ದು ಕೂರೋದು ಬೆಳಗ್ಗೆ ಹತ್ತು ಸಲ ಸಂಜೆ ಹತ್ತು ಸಲ ಮಾಡಿಸಿ, ಯಾರಾದ್ರೂ ಪಕ್ಕದಲ್ಲಿರಿ. ಸ್ನಾಯುಗೆ ಕೆಲಸ ಕೊಡದೆ ಬರೀ ಪ್ರೊಟೀನ್ ಕೊಟ್ರೆ ಅದು ಸ್ನಾಯು ಆಗಲ್ಲ.

ಪ್ರಶ್ನೆ: ನನ್ನ ಕ್ರಿಯಾಟಿನಿನ್ 2.1 ಇದೆ, ತೂಕ ಇಳಿಸೋಕೆ ಹೈ ಪ್ರೊಟೀನ್ ಡಯಟ್ ಮಾಡಬಹುದಾ? – ಹೆಸರು, ಊರು ಬೇಡ

ಉತ್ತರ: ಖಂಡಿತ ಬೇಡ. ಈ ವಾರವೇ ಕಿಡ್ನಿ ಡಾಕ್ಟರನ್ನ ನೋಡಿ, ಪೌಡರ್ ಏನಾದ್ರೂ ತಗೊಳ್ತಿದ್ರೆ ಅದನ್ನೂ ಅವರಿಗೆ ತೋರಿಸಿ.

ಪ್ರಶ್ನೆ: ನಾವು ಕರಾವಳಿಯವರು, ಮೀನು ಇಲ್ಲದೆ ಊಟ ಇಳಿಯೋದಿಲ್ಲ, ತೆಂಗಿನೆಣ್ಣೆ ಬಿಟ್ಟು ಬೇರೆ ಎಣ್ಣೆ ಮನೆಗೆ ತರುವುದೂ ಇಲ್ಲ. ತೆಂಗಿನೆಣ್ಣೆ ಬಹಳ ಒಳ್ಳೆಯದು ಅಂತ ಈಗ ಎಲ್ಲರೂ ಹೇಳ್ತಾರಲ್ಲ, ಹಾಗಾದ್ರೆ ನಮ್ಮದು ಪರ್ಫೆಕ್ಟ್ ಡಯಟ್ ಅಲ್ವಾ ಮೇಡಂ? – ಉಡುಪಿ

ಉತ್ತರ: ಅರ್ಧ ಪರ್ಫೆಕ್ಟು. ಬಂಗುಡೆ, ಬೂತಾಯಿ ತಿನ್ನೋರನ್ನ ನೋಡಿದ್ರೆ ನನಗೆ ಹೊಟ್ಟೆಕಿಚ್ಚು. 100 ಗ್ರಾಂಗೆ 20 ಗ್ರಾಂ ಆಸುಪಾಸು ಪ್ರೊಟೀನ್, ಜಿಡ್ಡೂ ಇದೆ ಆದ್ರೆ ಅದು ಒಮೆಗಾ-3 ಇರೋ ಒಳ್ಳೆ ಜಿಡ್ಡು, ದುಬಾರಿ ಅಂಜಲ್ಲೇ ಬೇಕು ಅಂತೇನಿಲ್ಲ. ಸಿಗಡಿ, ಕಾಣೆಯಲ್ಲಂತೂ ಜಿಡ್ಡು ಬಹಳ ಕಡಿಮೆ.

ತೆಂಗಿನೆಣ್ಣೆ ವಿಷಯಕ್ಕೆ ಬಂದ್ರೆ ನೀವು ಸಿಟ್ಟಾಗ್ತೀರೇನೋ. ಅದ್ರಲ್ಲಿ ಶೇಕಡ 90ರ ಹತ್ರ ಸ್ಯಾಚುರೇಟೆಡ್, ತುಪ್ಪಕ್ಕಿಂತಲೂ ಜಾಸ್ತಿ. ಬೇರೆ ಸಸ್ಯದ ಎಣ್ಣೆಗಳಿಗೆ ಹೋಲಿಸಿದ್ರೆ ಎಲ್‌ಡಿಎಲ್ ಏರಿಸುತ್ತೆ ಅನ್ನೋದು ಅಧ್ಯಯನಗಳಲ್ಲಿ ಸ್ಪಷ್ಟವಾಗೇ ಕಂಡಿದೆ, ವಾಟ್ಸಾಪಲ್ಲಿ ಏನೇ ಬಂದ್ರೂ. ನಮ್ಮಜ್ಜಿ ತಿಂದು ತೊಂಬತ್ತು ಬದುಕಿದ್ರು ಅಂತೀರಿ, ಅಜ್ಜಿ ಗದ್ದೆ ಕೆಲಸ ಮಾಡ್ತಿದ್ರು, ಎಣ್ಣೆ ಸೌಟುಗಟ್ಟಲೆ ಬಳಸ್ತಿರ್ಲಿಲ್ಲ. ಪೂರ್ತಿ ಬಿಡಿ ಅಂತ ಹೇಳಲ್ಲ, ಗಸಿಯ ಕೊನೇ ಒಗ್ಗರಣೆಗೆ, ಆ ಪರಿಮಳಕ್ಕೆ ಒಂದು ಟೀ ಸ್ಪೂನ್ ಇರಲಿ, ಮೀನು ಕಾಯಿಸೋಕೆ ಬೇರೆ ಎಣ್ಣೆ ತನ್ನಿ. ರವಾ ಫ್ರೈ ವಾರಕ್ಕೊಂದು ಸಾಕು, ರವೆ ಎಣ್ಣೆನ ಚೆನ್ನಾಗಿ ಕುಡಿಯುತ್ತೆ. ಮಿಕ್ಕ ದಿನ ಪುಳಿಮುಂಚಿ ಮಾಡಿ, ಅದಕ್ಕೆ ಕಾಯಿನೂ ಬೇಡ, ಇಲ್ಲ ಬಾಳೆ ಎಲೆಯಲ್ಲಿ ಸುತ್ತಿ ಕಾವಲಿ ಮೇಲೆ ಬೇಯಿಸಿ.

ಪ್ರಶ್ನೆ: ಗಾಣದ ಎಣ್ಣೆ, ನಾಟಿ ಹಸುವಿನ ತುಪ್ಪ ಮಾತ್ರ ಬಳಸ್ತೀವಿ. ಇವು ಒಳ್ಳೆ ಕೊಬ್ಬು, ಎಷ್ಟು ತಿಂದ್ರೂ ಪರವಾಗಿಲ್ಲ ಅಲ್ವಾ? – ಶಿವಮೊಗ್ಗ

ಉತ್ತರ: ಎಷ್ಟು ತಿಂದ್ರೂ ಪರವಾಗಿಲ್ಲ ಅನ್ನೋ ಜಿಡ್ಡು ಇನ್ನೂ ಹುಟ್ಟಿಲ್ಲ. ಗಾಣದ ಎಣ್ಣೆ ಘಮ ಚೆನ್ನ, ಗ್ರಾಂಗೆ 9 ಕ್ಯಾಲೊರಿ ಮಾತ್ರ ಅದಕ್ಕೂ ತಪ್ಪಿದ್ದಲ್ಲ. ತುಪ್ಪ ಒಂದು ಟೀ ಸ್ಪೂನ್ ಅಂದ್ರೆ 3 ಗ್ರಾಂ ಸ್ಯಾಚುರೇಟೆಡ್, ಬಿಸಿ ಅನ್ನಕ್ಕೆ ಒಂದೆರಡು ಸ್ಪೂನ್ ಆರೋಗ್ಯವಂತರು ಆರಾಮಾಗಿ ತಿನ್ನಬಹುದು, ಹೋಳಿಗೆ ಮುಳುಗಿಸೋದು ಹಬ್ಬದ ದಿನಕ್ಕೆ.

ನಿಜವಾಗ್ಲೂ ಹೆದರಬೇಕಾಗಿದ್ದು ಟ್ರಾನ್ಸ್ ಫ್ಯಾಟ್‌ಗೆ, ಡಾಲ್ಡಾ ಅಂತ ನಾವು ಕರೆಯೋ ವನಸ್ಪತಿಯಲ್ಲಿ ಇರ್ತಿದ್ದಿದ್ದು. ಎಲ್‌ಡಿಎಲ್ ಏರಿಸುತ್ತೆ, ಒಳ್ಳೇದಾದ ಎಚ್‌ಡಿಎಲ್ ಇಳಿಸುತ್ತೆ, ಎರಡೂ ಕಡೆ ಪೆಟ್ಟು. 2022ರ ಜನವರಿಯಿಂದ ಎಣ್ಣೆ, ವನಸ್ಪತಿಯಲ್ಲಿ ಇದು ಶೇಕಡ 2 ಮೀರಬಾರದು ಅಂತ ನಿಯಮ ಬಂದಿದೆ. ಅದು ಬಂದಿದ್ದು ಒಳ್ಳೇದಾಯ್ತು, ಆದ್ರೆ ಎಷ್ಟೋ ಬಿಸ್ಕತ್ತು, ಚಿಪ್ಸಲ್ಲಿ ಇವತ್ತಿಗೂ ತಾಳೆ ಎಣ್ಣೆ, ಅದ್ರಲ್ಲಿ ಅರ್ಧ ಸ್ಯಾಚುರೇಟೆಡ್. ಪ್ಯಾಕೆಟ್ ಹಿಂದೆ ಪಾಮೋಲಿನ್ ಅಂತ ಬರೆದಿದ್ರೆ ಅದೇ. 'ಪ್ರೊಟೀನ್ ಬಿಸ್ಕತ್ತು' ಅಂತ ಬಂದಿದೆಯಲ್ಲ, ಎಷ್ಟೋ ಪ್ಯಾಕೆಟ್ಟಲ್ಲಿ ಪ್ರೊಟೀನ್‌ಗಿಂತ ಸಕ್ಕರೆ, ಜಿಡ್ಡು ಎರಡೂ ಜಾಸ್ತಿ ಇರುತ್ತೆ, ಕೊಳ್ಳೋ ಮುಂಚೆ ಹಿಂದೆ ತಿರುಗಿಸಿ ನೋಡಿ.

ಪ್ರಶ್ನೆ: ಹಾಸ್ಟೆಲ್‌ನಲ್ಲಿದೀನಿ, ಮೆಸ್ ಸಾಂಬಾರಲ್ಲಿ ಬೇಳೆ ಹುಡುಕಬೇಕು. ಅಡುಗೆ ಮಾಡಂಗಿಲ್ಲ, ದುಡ್ಡೂ ಕಮ್ಮಿ. ಏನ್ ತಿನ್ಲಿ? – ವಿದ್ಯಾರ್ಥಿ, ಧಾರವಾಡ

ಉತ್ತರ: ಪುಠಾಣಿ ತಮ್ಮಾ. ಅಂಗಡಿಯಲ್ಲಿ ಅರ್ಧ ಕೆಜಿ ತಂದು ಡಬ್ಬಿಗೆ ಹಾಕಿಡು, ದಿನಾ ಎರಡು ಹಿಡಿ, ಹತ್ತು ಹನ್ನೆರಡು ಗ್ರಾಂ ಪ್ರೊಟೀನ್ ಬಂತು, ಎಣ್ಣೆ ಇಲ್ಲ, ಕೆಡಲ್ಲ, ಬೇಯಿಸೋದಿಲ್ಲ. ಹೆಸರುಕಾಳು ರಾತ್ರಿ ನೆನೆಸಿ ಒದ್ದೆ ಬಟ್ಟೇಲಿ ಕಟ್ಟಿಟ್ರೆ ಮೊಳಕೆ ಬರುತ್ತೆ, ಈರುಳ್ಳಿ, ನಿಂಬೆಹಣ್ಣು, ಉಪ್ಪು ಹಾಕ್ಕೊಂಡು ತಿನ್ನು. ಮೊಳಕೆ ಬಂದ್ರೆ ಪ್ರೊಟೀನ್ ಡಬಲ್ ಆಗುತ್ತೆ ಅಂತಾರೆ, ಆಗಲ್ಲ, ವಿಟಮಿನ್ ಸಿ ಹೆಚ್ಚುತ್ತೆ, ಅರಗೋಕೆ ಸುಲಭ ಆಗುತ್ತೆ ಅಷ್ಟೇ. ಮೊಸರು ಪ್ಯಾಕೆಟ್ ಒಂದು. ಮೊಟ್ಟೆ ತಿಂತೀಯಾದ್ರೆ ಹೊರಗಡೆ ಗಾಡೀಲಿ ಬೇಯಿಸಿದ್ದು ಎರಡು, ಎಗ್ ರೈಸ್ ಅಲ್ಲ. ಮೆಸ್ಸಲ್ಲಿ ಸಾಂಬಾರ್ ಬಡಿಸುವಾಗ ಅಣ್ಣನಿಗೆ ಸೌಟು ತಳಕ್ಕೆ ಹಾಕಿ ಕಲಕಿ ಬಡಿಸೋಕೆ ಹೇಳು, ಬೇಳೆ ಇದ್ರೆ ಅಲ್ಲೇ ಇರುತ್ತೆ.

ಪ್ರಶ್ನೆ: ಕಾಳು ಜಾಸ್ತಿ ಮಾಡಿದ್ಮೇಲೆ ಗ್ಯಾಸ್ ತಡೆಯಕ್ಕಾಗ್ತಿಲ್ಲ, ಮನೆಯವರೆಲ್ಲ ಬೈತಿದಾರೆ. – ಮೈಸೂರು

ಉತ್ತರ: ಕಾಳಲ್ಲಿ ನಮ್ಮ ಕರುಳಿಗೆ ಅರಗಿಸೋಕಾಗದ ಒಂದು ಜಾತಿ ಸಕ್ಕರೆ ಇರುತ್ತೆ, ಅದನ್ನ ದೊಡ್ಡ ಕರುಳಿನ ಬ್ಯಾಕ್ಟೀರಿಯಾ ತಿಂದು ಗ್ಯಾಸ್ ಮಾಡುತ್ತೆ. ಎಂಟು ಗಂಟೆ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಲ್ಲಿ ಮೆತ್ತಗೆ ಬೇಯಿಸಿ, ಶುಂಠಿ ಇಂಗು ಹಾಕಿ. ಒಮ್ಮೆಲೇ ಬಟ್ಟಲುಗಟ್ಟಲೆ ಬೇಡ, ಮೊದಲ ವಾರ ದಿನಕ್ಕೆ ಅರ್ಧ ಬಟ್ಟಲು, ಆಮೇಲೆ ನಿಧಾನಕ್ಕೆ ಏರಿಸಿ, ನೀರು ಚೆನ್ನಾಗಿ ಕುಡೀರಿ. ಹೆಸರುಬೇಳೆಯಿಂದ ಶುರು ಮಾಡಿ, ಕಡಲೆಕಾಳು, ಅಲಸಂದೆ ಮೂರನೇ ವಾರಕ್ಕಿರಲಿ. ಅಷ್ಟಾದ್ರೂ ನಿಲ್ಲದೆ ಹೊಟ್ಟೆನೋವು, ಭೇದಿ ಅಂತ ಇದ್ರೆ ಕಾಳಿನ ಮೇಲೆ ಹಾಕಿ ಸುಮ್ಮನಿರಬೇಡಿ, ಡಾಕ್ಟರಿಗೆ ತೋರಿಸಿ.